‘ಎಲ್’ ಅದೆಯಾ ನೋಡು

ಯಾರಾದರೂ ಕೈ ಹಿಡಿದರೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಮದ್ದೂರು ಬಸ್‌ಸ್ಟ್ಯಾಂಡಿನಲ್ಲಿ ಅವರ ಮುಂಗೈ ಹಿಡಿದು ಬಸ್ಸಿನ ಕಡೆ ಎಳೆದೆ. ನಿಂತಲ್ಲೇ ನಿಂತರು. ಕೈ ಕೊಸರಿಕೊಂಡು, ಅಷ್ಟು ಜನರ ಎದುರಿಗೆ, ಪಾಠ ಮಾಡುವ ದನಿಯಲ್ಲಿ ಹೇಳಿದರು:

“ನೀನ್ ನನ್ ಕೈ ಇಡ್ಕಂಡ್ರೆ ನಾನು ಸಂತೆಗೆ ಓಗೋ ಕುರಿ. ನಾನ್ ನಿನ್ ಮೊಣಕೈ ಇಡ್ಕಂಡ್ರೆ ಇಬ್ರೂ ಮನ್ಸರು. ತಿಳ್ಕ.”

ಅಂದಿನಿಂದ ಎಷ್ಟೋ ವರ್ಷ ಅವರು ನನ್ನ ಎಡ ಮೊಣಕೈ ಹಿಡಿದು, ಅರ್ಧ ಹೆಜ್ಜೆ ಹಿಂದೆ, ನನಗಿಂತ ಜೋರಾಗಿ ನಡೆದರು. ಚಿಕ್ಕರಸಿನಕೆರೆ ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ಕನ್ನಡ ಮೇಷ್ಟ್ರು, ಅವರು ಸಮಾಜ ಮೇಷ್ಟ್ರು. ನನಗಿಂತ ಎರಡು ವರ್ಷ ಮೊದಲು ಸೇರಿದ್ದವರು. ಐದನೇ ವಯಸ್ಸಿನಲ್ಲಿ ಜ್ವರ ಬಂದು ಕಣ್ಣು ಹೋಗಿತ್ತಂತೆ. ಅದರ ಬಗ್ಗೆ ಅದಕ್ಕಿಂತ ಹೆಚ್ಚಿಗೆ ಅವರು ಎಂದೂ ಹೇಳಲಿಲ್ಲ.

ತರಗತಿಯಲ್ಲಿ ಅವರದು ಅಚ್ಚಿನಲ್ಲಿ ಹಾಕಿದಂಥ ಕನ್ನಡ. ಸ್ಟಾಫ್ ರೂಮಿಗೆ ಬಂದು ಕುರ್ಚಿ ಎಳೆದುಕೊಂಡರೆ ಅಪ್ಪಟ ಮಳವಳ್ಳಿ. ಬೋರ್ಡಿನ ಮೇಲೆ ಎಡಗೈ ಹೆಬ್ಬೆರಳು ಊರಿ, ಅದನ್ನೇ ಬೀದರ್ ಅಂದುಕೊಂಡು, ಬಲಗೈಯಲ್ಲಿ ಒಂದೇ ಗೆರೆಯಲ್ಲಿ ಇಡೀ ಕರ್ನಾಟಕ ಬರೆಯುತ್ತಿದ್ದರು. ಶಿಂಷಾ ನದಿಯನ್ನು ಮಾತ್ರ ಇರುವುದಕ್ಕಿಂತ ದಪ್ಪಗೆ ಬರೆಯುತ್ತಿದ್ದರು. ಅದು ಅವರೂರಿನ ಕಡೆ ಹರಿಯುತ್ತದೆ ಅನ್ನುವುದೊಂದೇ ಕಾರಣ. ಹೊಸದಾಗಿ ಬಂದ ಹೆಡ್‌ಮಾಸ್ತರರೊಬ್ಬರು, “ನಿಮ್ಮಂಥವರಿಗೆ ದನಿ ಕೇಳಿದರೆ ಸಾಕು, ಮನಸ್ಸಿನಲ್ಲಿರೋದು ತಿಳಿಯುತ್ತಂತಲ್ಲ?” ಅಂತ ಭಕ್ತಿಯಿಂದ ಕೇಳಿದ್ದರು. “ನಂಗೆ ಕಣ್ಣಿಲ್ಲ ಸಾರ್, ಅಷ್ಟೇಯ. ಜೋತಿಸ್ಯ ಬರಾಕಿಲ್ಲ,” ಅಂದಿದ್ದರು.

ಒಮ್ಮೆ ಮಂಡ್ಯದ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಯಾರೋ ಪುಣ್ಯಾತ್ಮ ಏನೂ ಕೇಳದೆ ಅವರನ್ನು ಎತ್ತಿ ಮಳವಳ್ಳಿ ಬಸ್ಸಿನಲ್ಲಿ ಕೂರಿಸಿ ಹೋಗಿಬಿಟ್ಟ. ಊರು ದಾಟಿದ ಮೇಲೆ ಕಂಡಕ್ಟರ್ ಬಂದಾಗಲೇ ಗೊತ್ತಾದದ್ದು. ಮಾರನೆಯ ದಿನ ಅದನ್ನು ಹೇಳಿ, “ಪುಣ್ಯ ಅವನ್ಗೆ, ಟಿಕೀಟು ನಂಗೆ,” ಅಂದರು. ನಾವೆಲ್ಲ ನಕ್ಕೆವು. ಅವರು ನಗಲಿಲ್ಲ. ಅವರಿಗೆ ಸಿಟ್ಟು ಇಳಿಯುತ್ತಲೇ ಇರಲಿಲ್ಲ. ಜನಕ್ಕೆ ಅವರು ಒರಟು ಅನ್ನಿಸುತ್ತಿದ್ದುದು ಅದಕ್ಕೇ. ಕಣ್ಣಿಲ್ಲದವರು ಮೆತ್ತಗೆ ಇರಬೇಕು ಅಂತ ಎಲ್ಲರೂ ಅಂದುಕೊಂಡಿರುತ್ತಾರೆ.

ನಮ್ಮದು ಸರ್ಕಾರದ ಅನುದಾನ ಬಾರದ ಶಾಲೆ. ಸಂಬಳ ಆಡಳಿತ ಮಂಡಳಿಗೆ ನೆನಪಾದಾಗ ಬರುತ್ತಿತ್ತು. ಆ ಸಂಬಳದಲ್ಲಿ ಅವರ ಹತ್ತಿರ ಇದ್ದದ್ದು ಒಂದು ಹಳೆಯ ಲ್ಯಾಪ್‌ಟಾಪು. ಹೆಂಡತಿಯ ಅಕ್ಕನ ಮಗಳು ಕಾಲೇಜು ಮುಗಿಸಿ ಬಿಟ್ಟದ್ದು. ತೆರೆಯ ಮೇಲೆ ಇರುವುದನ್ನೆಲ್ಲ ಓದಿ ಹೇಳುವ ತಂತ್ರಾಂಶವನ್ನು ಅದಕ್ಕೆ ತಾವೇ ಹಾಕಿಕೊಂಡಿದ್ದರು. ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಟೈಪು ಮಾಡುತ್ತ ಕೂತರೆ ಪ್ರಶ್ನೆಪತ್ರಿಕೆ, ಪಾಠಯೋಜನೆ ಎಲ್ಲ ಅವರೇ ಮುಗಿಸುತ್ತಿದ್ದರು. ನನ್ನ ಪ್ರಶ್ನೆಪತ್ರಿಕೆಗಳನ್ನೂ ಎಷ್ಟೋ ಸಲ ಅವರೇ ಟೈಪು ಮಾಡಿಕೊಟ್ಟದ್ದುಂಟು. ಒಂದು ಸಲ ಆ ಇಯರ್‌ಫೋನನ್ನು ನನ್ನ ಕಿವಿಗೆ ಇಟ್ಟರು. ಯಂತ್ರದ ದನಿ ಎಷ್ಟು ವೇಗವಾಗಿ ಓದುತ್ತಿತ್ತೆಂದರೆ ನನಗೆ ಒಂದು ಪದವೂ ತಿಳಿಯಲಿಲ್ಲ.

ಆಗಿನ ಹೆಡ್‌ಮಾಸ್ತರರು ನಿವೃತ್ತರಾಗುವ ವರ್ಷ ಬಂತು. ಅವರ ನಂತರ ಸೇವೆಯಲ್ಲಿ ಹಿರಿಯರು ನಮ್ಮ ಸಮಾಜ ಮೇಷ್ಟ್ರು. ಇವರ ನಂತರ ನಾನು. ಆಡಳಿತ ಮಂಡಳಿಯ ಕಾರ್ಯದರ್ಶಿ ಇವರನ್ನು ಕರೆಸಿದರು. ನಾನೂ ಅಲ್ಲಿದ್ದೆ.

“ಪಾಠದಲ್ಲಿ ನಿಮ್ಮನ್ನ ಮೀರ್ಸೋರಿಲ್ಲ ಮೇಷ್ಟ್ರೆ,” ಅಂದರು ಕಾರ್ಯದರ್ಶಿ. “ಆದ್ರೆ ಈಗೆಲ್ಲ ಆನ್‌ಲೈನು. ಮಕ್ಳ ವಿವರ, ಹಾಜರಿ, ಎಲ್ಲಾ ಇಲಾಖೆ ವೆಬ್‌ಸೈಟಿಗೆ ತುಂಬ್ಬೇಕು. ಅದನ್ನ ಯಾರ್ ಮಾಡ್ತಾರೆ?”

“ನಾನೇಯ.”

“ಅದೆಂಗೆ?”

“ಮುಂದಿನ್ ಸೋಮವಾರ ಬನ್ನಿ. ನಿಮ್ಮೆದ್ರುಗೇ ಒಂದು ತರಗತಿ ಪೂರಾ ತುಂಬಿ ತೋರುಸ್ತೀನಿ. ಆಗ್ದಿದ್ರೆ ನೀವ್ ಏಳ್ದಂಗೆ.”

ಹೊರಗೆ ಬಂದ ಮೇಲೆ ನನ್ನ ಮೊಣಕೈ ಹಿಡಿದವರ ಬೆರಳು ಬಿಗಿಯಾಗಿದ್ದವು. ಕೆಲಸ ಗೊತ್ತಿತ್ತು, ಯಂತ್ರದ ಮೇಲೆ ನಂಬಿಕೆ ಇರಲಿಲ್ಲ. ಇಲಾಖೆಯ ಜಾಲತಾಣ ತೆರೆದರೆ ಸಾಕು, ಅವರ ಲ್ಯಾಪ್‌ಟಾಪು ಓದುತ್ತ ಓದುತ್ತ ನಡುವೆ ನಿಂತುಬಿಡುತ್ತಿತ್ತು. “ಕಣ್ಣಿರೋರ್ಗೆ ಲ್ಯಾಪ್‌ಟಾಪು ನಿಧಾನ ಆದ್ರೆ ನೋಡ್ತಾ ಕೂತಿರ್ತೀರಿ. ನಂಗೆ ಮಾತೇ ನಿಂತೋಯ್ತದೆ ಕಣಯ್ಯ. ಅದು ಕೆಲ್ಸ ಮಾಡ್ತಾದೋ, ಸತ್ತೋಗದೋ ಗೊತ್ತಾಗಕಿಲ್ಲ,” ಅಂದರು. ಅದರಲ್ಲಿ ಇದ್ದದ್ದು ಎರಡೇ ಜಿಬಿ ಮೆಮೊರಿ. ಹೊಸ ಲ್ಯಾಪ್‌ಟಾಪಿನ ಮಾತೇ ಇಲ್ಲ. ಮೆಮೊರಿಯನ್ನಷ್ಟೇ ಬದಲಾಯಿಸಬೇಕಿತ್ತು.

ಮೂರು ದಿನ ಅವರು ಬೇರೆ ಏನನ್ನೂ ಮಾತಾಡಲಿಲ್ಲ. ಅಂತರ್ಜಾಲದಲ್ಲಿ ಸಿಕ್ಕಿದ್ದನ್ನೆಲ್ಲ ಓದಿಸಿಕೊಂಡು ಕೇಳಿ, ಊಟದ ಹೊತ್ತಿನಲ್ಲಿ ನನಗೆ ಒಪ್ಪಿಸುತ್ತಿದ್ದರು. ಅವರ ಮೆಷಿನ್ನಿನಲ್ಲಿ ಮೆಮೊರಿ ಕೂರಿಸಲು ಇರುವುದು ಒಂದೇ ಜಾಗ. ಅದಕ್ಕೇ ಹಳೆಯದನ್ನು ತೆಗೆದುಹಾಕಬೇಕು. ಎಂಟು ಜಿಬಿ ಹಾಕಿದರೆ ಚೆನ್ನ, ಆದರೆ ಕೈಯಲ್ಲಿರುವ ದುಡ್ಡಿಗೆ ನಾಲ್ಕೇ ಬರುವುದು, ಅದೂ ಬಳಸಿದ್ದು. “ಬಳ್ಸಿದ್ರೇನು, ಅದೇನ್ ಚಪ್ಪಲೀನಾ ಸವೆಯಕ್ಕೆ?” ಅಂದರು. ವೇಗ ಸ್ವಲ್ಪ ಹೆಚ್ಚು ಕಡಿಮೆ ಆದರೂ ಹೊಂದಿಕೊಳ್ಳುತ್ತದೆ. ಹೊಂದದೆ ಇರುವುದು ಎರಡೇ. ಒಂದು, ತಲೆಮಾರು. ಅವರದಕ್ಕೆ ಡಿಡಿಆರ್ ಮೂರೇ ಆಗಬೇಕು, ನಾಲ್ಕು ಕೂರುವುದೇ ಇಲ್ಲ. ಇನ್ನೊಂದು, ವೋಲ್ಟೇಜು. ಆ ಮೂರರಲ್ಲೇ ಕಡಿಮೆ ವೋಲ್ಟೇಜಿನ ಜಾತಿ ಒಂದಿದೆ. ಅದಕ್ಕೆ ಅಂಟಿಸಿರುವ ಚೀಟಿಯ ಮೇಲೆ ಪಿಸಿ ತ್ರೀ ಅಂತ ಬರೆದಿರುವ ಪಕ್ಕದಲ್ಲಿ ಎಲ್ ಅಂತ ಒಂದು ಅಕ್ಷರ ಇರುತ್ತದೆ. ಆ ಎಲ್ ಇರುವುದು ಮಾತ್ರ ಅವರ ಮೆಷಿನ್ನಿಗೆ ಆಗುವುದು.

“ಎಲ್ ಇಲ್ದಿದ್ರೂ ಕೂರ್ತದೆ,” ಅಂದರು. “ಅದೇ ಮೋಸ. ಕೂರ್ತದೆ, ಆದ್ರೆ ಓಡಕಿಲ್ಲ.”

ಶನಿವಾರ ಶಾಲೆ ಬಿಟ್ಟ ಮೇಲೆ ಇಬ್ಬರೂ ಮಂಡ್ಯಕ್ಕೆ ಹೋದೆವು. ಪೇಟೆಬೀದಿಯ ಒಂದು ಕಿರಿದಾದ ಅಂಗಡಿ. ಮಾಲೀಕ ಫೋನಿನಲ್ಲಿ ಮಾತಾಡುತ್ತಲೇ ಡ್ರಾಯರಿನಿಂದ ಒಂದು ಮೆಮೊರಿ ಪಟ್ಟಿ ತೆಗೆದು ಕೊಟ್ಟ. ಇವರು ಅದನ್ನು ಎರಡು ಬೆರಳಲ್ಲಿ ಹಿಡಿದು, ಅದರ ಹಲ್ಲುಹಲ್ಲಾದ ಅಂಚಿನ ಮೇಲೆ ಉಗುರು ಎಳೆದರು. ಅರ್ಧದಲ್ಲಿ ಉಗುರು ಸಿಕ್ಕಿಕೊಂಡಿತು.

“ಇದು ನಾಕು. ಕಚ್ಚು ನಡುವ್ಗೆ ಬಂದದೆ. ಮೂರು ಕೊಡಿ.”

ಮಾಲೀಕ ಫೋನು ಕೆಳಗಿಟ್ಟ. ಪಟ್ಟಿಯನ್ನು ತಿರುಗಿಸಿ ನೋಡಿ, “ಹೌದು ಸಾರ್, ಸಾರಿ ಸಾರ್,” ಅಂದು ಬೇರೊಂದು ಕೊಟ್ಟ. ಇವರು ಮತ್ತೆ ಉಗುರು ಎಳೆದರು. ಮುಖ ಅರಳಿತು. ಅವರ ಮುಖ ಹಾಗೆ ಅರಳಿದ್ದನ್ನು ನಾನು ನೋಡಿದ್ದು ಕಡಿಮೆ.

“ಇದು ಮೂರೇಯ. ‘ಎಲ್’ಲಾ?”

“ಎಲ್ಲಾ ಒಂದೇ ಸಾರ್, ಓಡ್ತದೆ.”

ಅವರು ಮಾಲೀಕನ ಮಾತಿಗೆ ಕಿವಿಗೊಡಲಿಲ್ಲ. ಪಟ್ಟಿಯನ್ನು ನನ್ನ ಕಡೆ ಚಾಚಿದರು. “ಕಚ್ಚು ನನ್ ಉಗುರಿಗೆ ಸಿಗ್ತದೆ. ಅಕ್ಸರ ಸಿಗಕಿಲ್ಲ. ನೀನ್ ಓದು. ಪಿಸಿ ತ್ರೀ ಪಕ್ದಲ್ಲಿ ಎಲ್ ಅದೆಯಾ ನೋಡು.”

ಚೀಟಿಯ ಅಕ್ಷರ ಸಾಸಿವೆಗಿಂತ ಸಣ್ಣವು, ಅರ್ಧ ಮಾಸಿದ್ದವು. ಆ ವರ್ಷವೇ ನನಗೆ ಓದುವ ಕನ್ನಡಕ ಬಂದಿತ್ತು. ಅದು ಅಂಗಿಯ ಜೇಬಿನಲ್ಲೇ ಇತ್ತು. ಪ್ಯಾಸೆಂಜರ್ ರೈಲಿಗೆ ಹೆಚ್ಚು ಹೊತ್ತಿರಲಿಲ್ಲ. ಅದು ತಪ್ಪಿದರೆ ಮದ್ದೂರಿನವರೆಗೆ ಬಸ್ಸಿನಲ್ಲಿ ನಿಂತು ಹೋಗಬೇಕಿತ್ತು. ಅಷ್ಟೆ, ಅದಕ್ಕಿಂತ ದೊಡ್ಡ ಕಾರಣ ಯಾವುದೂ ಇರಲಿಲ್ಲ. ನಾನು ಪಟ್ಟಿಯನ್ನು ಬೆಳಕಿಗೆ ಹಿಡಿದಂತೆ ಮಾಡಿ, ಕಣ್ಣು ಕಿರಿದು ಮಾಡಿ, “ಇದೆ ಇದೆ, ಎಲ್ ಇದೆ,” ಅಂದೆ.

“ಸರ್ಯಾಗ್ ನೋಡ್ದಾ?”

“ನೋಡ್ದೆ ಬನ್ನಿ ಮೇಷ್ಟ್ರೆ, ರೈಲು ಹೋಗುತ್ತೆ.”

ರೈಲು ಸಿಕ್ಕಿತು, ಕೂರಲು ಜಾಗವೂ ಸಿಕ್ಕಿತು. ಆ ದಿನ ಅವರು ಆಡಿದಷ್ಟು ಮಾತನ್ನು ಬೇರೆಂದೂ ಆಡಿದ್ದು ನೆನಪಿಲ್ಲ. ಹೆಡ್‌ಮಾಸ್ತರರಾದರೆ ಏನೇನು ಮಾಡಬೇಕು ಅನ್ನುವುದನ್ನು ಮನಸ್ಸಿನಲ್ಲೇ ಬರೆದಿಟ್ಟುಕೊಂಡಿದ್ದರು. ಹೆಣ್ಣುಮಕ್ಕಳ ಶೌಚಾಲಯಕ್ಕೆ ಒಳಗಿನಿಂದ ಹಾಕುವ ಚಿಲಕ ಮೊದಲು. ಸಂಬಳ ಎಲ್ಲರಿಗೂ ಒಂದೇ ದಿನ, ಆಮೇಲೆ ಬೇರೆ ಮಾತು. ಹನಕೆರೆಯಲ್ಲಿ ರೈಲು ನಿಂತಾಗ ಕಡಲೆಕಾಯಿ ಕೊಂಡು ಅರ್ಧ ನನ್ನ ಮಡಿಲಿಗೆ ಸುರಿದರು. ಪೊಟ್ಟಣದ ತುದಿಯಲ್ಲಿ ಉಳಿದದ್ದನ್ನು ಎದುರಿಗೆ ಕೂತಿದ್ದ ಗುರುತಿಲ್ಲದ ಹೆಂಗಸಿಗೆ ಕೊಟ್ಟರು. “ತಗಳ್ಳಿ ಕಣಮ್ಮ, ಒಳ್ಳೆ ದಿನ ಇವತ್ತು.”

ಮರುದಿನ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಫೋನು ಬಂತು. ಆಗ ಅವರು ಮದ್ದೂರಿನಲ್ಲೇ ಬಾಡಿಗೆ ಮನೆಯಲ್ಲಿದ್ದರು. ಲ್ಯಾಪ್‌ಟಾಪನ್ನು ತಾವೇ ಬಿಚ್ಚಿ, ತಿರುಪುಗಳನ್ನು ಊಟದ ತಟ್ಟೆಯಲ್ಲಿ ಸಾಲಾಗಿ ಇಟ್ಟುಕೊಂಡು, ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿದ್ದರು. ಗುಂಡಿ ಒತ್ತಿದರೆ ಫ್ಯಾನು ತಿರುಗಿ ನಿಲ್ಲುತ್ತದೆ, ಮತ್ತೆ ತಿರುಗಿ ನಿಲ್ಲುತ್ತದೆ. ದನಿ ಇಲ್ಲ. ತೆರೆ ಕಪ್ಪಗಿದೆ ಅಂತ ಹೆಂಡತಿ ಹೇಳಿದ್ದಾರೆ; ಚೀಟಿಯ ಇಂಗ್ಲಿಷ್ ಅಕ್ಷರ ಓದಲು ಅವರಿಗೆ ಬಾರದು.

“ಎಲ್ ನೋಡ್ದೆ ತಾನೆ ನೀನು?” ಅಂತ ಕೇಳಿದರು.

ಈಗ ಬರೆಯುವಾಗಲೂ ಆ ಕ್ಷಣ ಬಂದರೆ ಕೈ ನಿಲ್ಲುತ್ತದೆ. ಸರಿಯಾಗಿ ನೋಡಲಿಲ್ಲ ಮೇಷ್ಟ್ರೆ, ಬರುತ್ತೇನೆ ಇರಿ, ಕನ್ನಡಕ ಹಾಕಿ ನೋಡುತ್ತೇನೆ ಅಂದಿದ್ದರೆ ಮುಗಿದಿತ್ತು. ಅವರ ಮನೆ ನನ್ನ ಮನೆಯಿಂದ ಕಾಲು ಗಂಟೆಯ ನಡಿಗೆ. ಮಂಡ್ಯದ ಆ ಅಂಗಡಿ ಭಾನುವಾರವೂ ಮಧ್ಯಾಹ್ನದವರೆಗೆ ತೆಗೆದಿರುತ್ತಿತ್ತು. ಬೇಡ, ಹಳೆಯ ಎರಡು ಜಿಬಿಯನ್ನೇ ವಾಪಸು ಹಾಕಿ ಅಂದಿದ್ದರೂ ಸೋಮವಾರ ಹೇಗೋ ಕುಂಟುತ್ತ ನಡೆಯುತ್ತಿತ್ತು. ನಾನು ಅಂದದ್ದು:

“ನೋಡಿದೆ ಮೇಷ್ಟ್ರೆ. ಇತ್ತು.”

ಆ ಕಡೆ ಮತ್ತೆ ಗುಂಡಿ ಒತ್ತಿದ ಸದ್ದು, ಫ್ಯಾನು ತಿರುಗಿ ನಿಂತ ಸದ್ದು. ಆಮೇಲೆ, “ಅಂಗಾರೆ ನನ್ ಕೈದೇ ತಪ್ಪು. ಸರ್ಯಾಗಿ ಕೂತಿಲ್ಲ,” ಅಂದು ಇಟ್ಟರು.

ಅಂದು ಅವರು ಅದನ್ನು ಎಷ್ಟು ಸಲ ತೆಗೆದು ಎಷ್ಟು ಸಲ ಒತ್ತಿದರೋ ಗೊತ್ತಿಲ್ಲ. ಊಟಕ್ಕೆ ಎಬ್ಬಿಸಿದರೂ ಏಳಲಿಲ್ಲ ಅಂತ ಅವರ ಹೆಂಡತಿ ಆಮೇಲೆ ಹೇಳಿದರು. ಯಾವತ್ತೂ ತಪ್ಪದ ಬೆರಳು ಇವತ್ತು ಯಾಕೆ ತಪ್ಪುತ್ತಿದೆ ಅಂತ ತಮ್ಮ ಬೆರಳನ್ನೇ ಬೈಯುತ್ತಿದ್ದರಂತೆ. ಮಧ್ಯಾಹ್ನದ ಮೇಲೆ ಯಾವುದೋ ಒತ್ತಿಗೆ ಪಟ್ಟಿಯನ್ನು ಹಿಡಿದುಕೊಳ್ಳುವ ಕೊಂಡಿ ಟಕ್ಕೆಂದು ಮುರಿಯಿತು. ಆಮೇಲೆ ಹಳೆಯದೂ ಅಲ್ಲಿ ನಿಲ್ಲಲಿಲ್ಲ.

ಸೋಮವಾರ ಕಾರ್ಯದರ್ಶಿ ಇಬ್ಬರು ಸದಸ್ಯರ ಜೊತೆ ಬಂದರು. ಇವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಎದ್ದು ನಿಂತು, “ಲ್ಯಾಪ್‌ಟಾಪು ಕೆಟ್ಟೋಗದೆ. ಇಸ್ಕೂಲ್ ಕಂಪ್ಯೂಟರಿಗೆ ನನ್ ತಂತ್ರಾಂಶ ಆಕ್ಕೊಂಡು, ಒಂದು ಸ್ಪೀಕರ್ ತಂದು ತೋರುಸ್ತೀನಿ. ಎಲ್ಡು ದಿನ ಕೊಡಿ,” ಅಂದರು. ಕಾರ್ಯದರ್ಶಿ ಕುರ್ಚಿಯಿಂದ ಏಳುತ್ತ, “ನೋಡೋಣ ಮೇಷ್ಟ್ರೆ,” ಅಂದರು. ಯಾರೂ ಬೈಯಲಿಲ್ಲ. ಬಾಗಿಲಲ್ಲಿ ಒಬ್ಬ ಸದಸ್ಯ ಇನ್ನೊಬ್ಬನಿಗೆ “ಪಾಪ” ಅಂದ. ಅದು ನನಗೇ ಕೇಳಿಸಿತು ಅಂದಮೇಲೆ ಅವರಿಗೆ ಕೇಳಿಸದೆ ಇರುತ್ತದೆಯೆ?

ಬುಧವಾರ ಕಾರ್ಯದರ್ಶಿ ನನ್ನನ್ನು ಕರೆಸಿ, ಹೆಡ್‌ಮಾಸ್ತರಿಕೆ ನೀವೇ ವಹಿಸಿಕೊಳ್ಳಿ ಅಂದರು. ನಾನು ಬೇಡ ಅನ್ನಲಿಲ್ಲ. ಹಿರಿಯರು ಇರುವಾಗ ನಾನು ಹೇಗೆ ಅಂತ ಒಂದು ಸಲ ಅಂದೆ. ಎರಡನೇ ಸಲ ಅನ್ನುವುದಕ್ಕೆ ಅವರೂ ಬಿಡಲಿಲ್ಲ, ನನಗೂ ಮನಸ್ಸಿರಲಿಲ್ಲ.

ಒಂದು ವಾರ ಕಳೆದ ಮೇಲೆ, ಅಂಗಡಿಯವನು ಮರಳಿ ತೆಗೆದುಕೊಳ್ಳುತ್ತಾನೋ ಕೇಳುತ್ತೇನೆ ಅಂತ ಹೇಳಿ ಆ ಪಟ್ಟಿಯನ್ನು ಅವರಿಂದ ಇಸಿದುಕೊಂಡೆ. ಮನೆಗೆ ತಂದು ಕನ್ನಡಕ ಹಾಕಿ ಕಿಟಕಿಯ ಹತ್ತಿರ ಹಿಡಿದೆ. ಪಿಸಿ, ಮೂರು, ಅಡ್ಡಗೆರೆ, ಆಮೇಲೆ ಅಂಕಿಗಳು. ಎಲ್ ಇರಲಿಲ್ಲ. ಅಂಗಡಿಗೆ ಹೋಗಲಿಲ್ಲ. ಎರಡು ದಿನ ಬಿಟ್ಟು, ಅವನು ಒಪ್ಪಲಿಲ್ಲ ಮೇಷ್ಟ್ರೆ ಅಂತ ವಾಪಸು ಕೊಟ್ಟೆ. “ಬುಡು, ನಂದೇ ತಪ್ಪು. ಅವನ್ಯಾಕೆ ತಗತಾನೆ?” ಅಂದರು.

ಆ ಕುರ್ಚಿಯ ಆಸೆಗೆ ನಾನು ಸುಳ್ಳು ಹೇಳಿದೆನೆ? ಇಲ್ಲ ಅಂತಲೇ ವರ್ಷಗಟ್ಟಲೆ ನನಗೆ ನಾನು ಹೇಳಿಕೊಂಡು ಬಂದೆ. ರೈಲಿನ ಅವಸರ, ಮಾಸಿದ ಅಕ್ಷರ, ಹೊಸ ಕನ್ನಡಕದ ಸಂಕೋಚ. ಶನಿವಾರಕ್ಕೆ ಇಷ್ಟೂ ಸಾಕು. ಆದರೆ ಭಾನುವಾರ ಬೆಳಿಗ್ಗೆ ಫೋನು ಬಂದಾಗ ಯಾವ ರೈಲೂ ಇರಲಿಲ್ಲ. ನಾನು ಮನೆಯ ಜಗುಲಿಯ ಮೇಲೆ ಕಾಫಿ ಲೋಟ ಹಿಡಿದು ಕೂತಿದ್ದೆ.

ಅವರು ಎರಡು ವರ್ಷ ನನ್ನ ಕೈಕೆಳಗೆ ಕೆಲಸ ಮಾಡಿದರು. ಒಂದು ದಿನವೂ ಎದುರು ಮಾತಾಡಲಿಲ್ಲ. ಸಹಿ ಹಾಕುವ ಜಾಗ ಎಲ್ಲಿ ಅಂತ ಮಾತ್ರ ಕೇಳುತ್ತಿದ್ದರು. ಆದರೂ ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಮೊಣಕೈ ಹಿಡಿಯುತ್ತಿದ್ದರು. ಆಮೇಲೆ ಒಂದು ದಿನ ಹಿಡಿಯಲಿಲ್ಲ. ಮಡಿಸುವ ಬಿಳಿ ಕೋಲು ಬಿಚ್ಚಿ, ನೆಲ ತಟ್ಟಿಕೊಂಡು, ನನ್ನ ಪಕ್ಕದಲ್ಲೇ ಹಾದು ತಾವೇ ಬಸ್ಸು ಹತ್ತಿದರು. ನಾನು ಮೊಣಕೈಯನ್ನು ಸ್ವಲ್ಪ ಆಚೆ ಚಾಚಿಕೊಂಡೇ ನಿಂತಿದ್ದೆ. ಹೆಡ್‌ಮಾಸ್ತರಿಕೆಯ ಹೊಟ್ಟೆಕಿಚ್ಚು ಈಗ ಹೊರಗೆ ಬಂತು ಅಂದುಕೊಂಡೆ. ಹಾಗೆ ಅಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು. ತಿಂಗಳೊಳಗೆ ರಾಜೀನಾಮೆ ಕೊಟ್ಟು ಮಳವಳ್ಳಿಗೆ ಹೋದರು. ಮನೆಯಲ್ಲೇ ಹೈಸ್ಕೂಲು ಮಕ್ಕಳಿಗೆ ಪಾಠ ಹೇಳುತ್ತಿದ್ದಾರೆ ಅನ್ನುವುದು ಕಿವಿಗೆ ಬೀಳುತ್ತಿತ್ತು.

ಕಳೆದ ವರ್ಷ ಶಾಲೆಯ ವಾರ್ಷಿಕೋತ್ಸವಕ್ಕೆ ಹಳೆಯ ಮೇಷ್ಟ್ರುಗಳನ್ನೆಲ್ಲ ಕರೆಯುವುದು ಅಂತ ಆಯಿತು. ಮಳವಳ್ಳಿಗೆ ಯಾರನ್ನಾದರೂ ಕಳಿಸಬಹುದಿತ್ತು. ನಾನೇ ಹೋದೆ. ನನಗೂ ನಿವೃತ್ತಿ ಹತ್ತಿರವಾಗಿತ್ತು. ಇದೊಂದನ್ನು ಹೇಳಿ ಹಗುರಾಗಬೇಕು ಅಂತ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ.

ಅವರು ಹಜಾರದ ಚಾಪೆಯ ಮೇಲೆ ಕೂತಿದ್ದರು. ಬಹಳ ಬಡಕಲಾಗಿದ್ದರು. ಕಿಡ್ನಿ ತೊಂದರೆ ಅಂತ ಹೆಂಡತಿ ಮೆಲ್ಲಗೆ ಅಂದರು. ಆಮಂತ್ರಣ ಕೈಗೆ ಕೊಟ್ಟೆ. ಪಕ್ಕಕ್ಕಿಟ್ಟರು. ನಾನು ಜೋಡಿಸಿಕೊಂಡ ಮಾತೆಲ್ಲ ಮರೆತುಹೋಗಿ, “ಮೇಷ್ಟ್ರೆ, ಆವತ್ತು ಅಂಗಡಿಯಲ್ಲಿ ನಾನು ಆ ಅಕ್ಷರ ನೋಡಿರಲಿಲ್ಲ,” ಅಂದುಬಿಟ್ಟೆ.

“ಗೊತ್ತು.”

ಹೆಂಡತಿ ಬಾಗಿಲಲ್ಲಿ ನಿಂತೇ ಇದ್ದರು.

“ನಿನ್ ಮೊಣಕೈ ಬುಟ್ನಲ್ಲ, ಅದುಕ್ ಇಂದಿನ್ ದಿನ ಓದಿ ಏಳೋ ಫೋನು ತಗಂಡಿದ್ದೆ. ಅದ್ರ ಮುಂದೆ ಮೊದಲ್ನೇ ದಿನವೇ ಆ ಪಟ್ಟಿ ಇಡ್ದೆ. ಇಂದಿಂದೇ ಮೂರ್ ಸಲ ಓದಿಸ್ದೆ. ಎಲ್ ಇರ್ನಿಲ್ಲ,” ಅಂದರು. ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. “ಎಲ್ಡು ವರ್ಸ ನನ್ ಬೆರಳ ಮೇಲೆ ನಂಗೆ ನಂಬ್ಕೆ ಓಗಿತ್ತು ಕಣಯ್ಯ. ಬೀಗ ಆಕುದ್ರೆ ಎಲ್ಡು ಸಲ ಎಳ್ದು ನೋಡೋನು. ಬೋರ್ಡ್ ಮೇಲೆ ಮ್ಯಾಪು ಬರಿಯೋದು ನಿಲ್ಲಿಸ್ಬುಟ್ಟೆ. ಗೊತ್ತಾ ನಿಂಗೆ?”

ಗೊತ್ತಿರಲಿಲ್ಲ. ಆ ಎರಡು ವರ್ಷ ನಾನು ಹೆಡ್‌ಮಾಸ್ತರ. ನನ್ನ ಶಾಲೆಯಲ್ಲಿ ಮ್ಯಾಪು ಬರೆಯುವುದು ನಿಂತದ್ದು ನನಗೆ ಗೊತ್ತಿರಲಿಲ್ಲ.

“ಕುರ್ಚಿ ಕೈತಪ್ಪಿದ್ದು ಅಲ್ಲ,” ಅಂದರು. “ನಾನ್ ಏನೇನ್ ಓದಿವ್ನೋ ಎಲ್ಲಾ ಒಬ್ರು ಓದಿ ಏಳಿದ್ದೇಯ. ಕಣ್ಣೋದಾಗ್ನಿಂದ ಅಂಗೇ ಬದ್ಕಿವ್ನಿ. ನೀನ್ ಇದೆ ಅಂದ್ರೆ ನಂಗೆ ಇದೆ. ಅದು ನಿಂಗ್ ಗೊತ್ತಿತ್ತು.”

“ತಪ್ಪಾಯ್ತು ಮೇಷ್ಟ್ರೆ,” ಅಂದೆ. ಕ್ಷಮಿಸಿ ಅಂತಲೂ ಅಂದೆ.

“ಇಲ್ಲ ಕಣಯ್ಯ,” ಅಂದರು. ತಲೆಯನ್ನು ನಿಧಾನವಾಗಿ ಆಡಿಸಿದರು. “ಅದ್ನ ಮಾತ್ರ ಕೇಳ್ಬೇಡ. ಕೊಡಾಕಿಲ್ಲ. ಸಾಯೋ ಕಾಲ್ಕೆ ದೊಡ್ಡ ಮನ್ಸ ಆಗು ಅಂತ ಯಾರೂ ನನ್ ಮೇಲೆ ಜುಲ್ಮೆ ಮಾಡ್ಬೇಡಿ. ಕಾಫಿ ಕುಡ್ಕಂಡ್ ಓಗು.”

ಕಾಫಿ ಬಂತು. ನಾನು ಕುಡಿದೆ. ಲೋಟ ಕೆಳಗಿಟ್ಟ ಸದ್ದು ಕೇಳಿದ ಮೇಲೆ, “ಬಾಗ್ಲು ಮುಂದುಕ್ ಎಳ್ಕಂಡು ಓಗು,” ಅಂದರು. ವಾರ್ಷಿಕೋತ್ಸವಕ್ಕೆ ಬರಲಿಲ್ಲ.

ನಾಲ್ಕು ತಿಂಗಳಿಗೆ ಹೋಗಿಬಿಟ್ಟರು. ಸುದ್ದಿ ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಬಂತು. ಕೈಮುಗಿದ ಚಿತ್ರಗಳು ಒಂದರ ಕೆಳಗೊಂದು ಬಿದ್ದವು. ನನ್ನದೂ ಒಂದು.

ಶಾಲೆಯಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟರು. ಅವರ ಹೆಂಡತಿಯನ್ನು ಕರೆಸಿ ಮುಂದಿನ ಸಾಲಿನಲ್ಲಿ ಕೂರಿಸಿದರು. ಕಾರ್ಯದರ್ಶಿ ಅವರ ಆತ್ಮವಿಶ್ವಾಸವನ್ನು ಹೊಗಳಿದರು. ಅಂದು ಬಾಗಿಲಲ್ಲಿ ಪಾಪ ಅಂದಿದ್ದ ಸದಸ್ಯ, ಅಂಗವೈಕಲ್ಯ ಸಾಧನೆಗೆ ಅಡ್ಡಿಯಲ್ಲ ಅನ್ನುವುದಕ್ಕೆ ಅವರೇ ಸಾಕ್ಷಿ ಅಂದ. ಕೊನೆಗೆ ಮುಖ್ಯೋಪಾಧ್ಯಾಯರು, ಅಂದರೆ ನಾನು, ಎರಡು ಮಾತಾಡಬೇಕು ಅಂದರು.

ನಿಜ ಹೇಳಬೇಕು ಅಂದುಕೊಂಡೇ ಎದ್ದೆ. ಮೈಕು ಹಿಡಿದಾಗ ಎದುರಿಗೆ ಮಕ್ಕಳು, ಸಹೋದ್ಯೋಗಿಗಳು, ಹಾರ ಹಾಕಿದ ಫೋಟೋ. ನಾನು ಕನ್ನಡ ಮೇಷ್ಟ್ರು. ಮಾತು ನನಗೆ ತಾನಾಗಿ ಬರುತ್ತದೆ. ಅವರ ಮ್ಯಾಪಿನ ವಿಷಯ ಹೇಳಿದೆ, ಮಕ್ಕಳು ನಕ್ಕರು. ಕಡಲೆಕಾಯಿ ಕೊಡಿಸಿದ್ದು ಹೇಳಿದೆ. ಕೊನೆಯಲ್ಲಿ ಏನಾದರೂ ಒಳ್ಳೆಯದು ಹೇಳಿ ಮುಗಿಸಬೇಕಲ್ಲ.

“ಅವರಿಗೆ ಅನ್ಯಾಯ ಮಾಡಿದವರೂ ಇದ್ದರು,” ಅಂದೆ. “ಆದರೆ ಅವರು ಯಾರ ಮೇಲೂ ಮನಸ್ಸಿನಲ್ಲಿ ಏನೂ ಇಟ್ಟುಕೊಂಡವರಲ್ಲ. ಎಲ್ಲರನ್ನೂ ಕ್ಷಮಿಸಿ ಹೋದ ದೊಡ್ಡ ಜೀವ ಅದು.”

ಸಭೆ ಮುಗಿದ ಮೇಲೆ ಅವರ ಹೆಂಡತಿ ನೇರ ನನ್ನ ಹತ್ತಿರ ಬಂದರು. ಕಣ್ಣು ಒಣಗಿತ್ತು. ಸುತ್ತ ಜನ ಇದ್ದರು. ದನಿಯನ್ನೇನೂ ಎತ್ತಲಿಲ್ಲ.

“ಚೆನ್ನಾಗ್ ಮಾತಾಡುದ್ರಿ ಮೇಷ್ಟ್ರೆ,” ಅಂದರು. “ಅವ್ರಿದ್ದಿದ್ರೆ ನಡುವ್ಲೇ ಎದ್ದೋಯ್ತಿದ್ರು.”